ಹೆಣ್ಣು ಕೊಟ್ಟಿದ್ದು, ಹೆಣ್ಣಿನಿಂದ ಬರೆಸಿಕೊಂಡಿದ್ದು

ನಮ್ಮೂರ ಗುಡಿಗೆ ಹೊಸದಾಗಿ ಗ್ರಾನೈಟ್ ಹಾಸಿದ ಮೇಲೆ ಬಾಗಿಲ ಬಲಕ್ಕೆ ದಾನಿಗಳ ಫಲಕ ನಿಲ್ಲಿಸಿದ್ದಾರೆ. ಕರಿಕಲ್ಲಿನ ಮೇಲೆ ಬಂಗಾರ ಬಣ್ಣದ ಅಕ್ಷರ. ಮೇಲಿಂದ ಓದುತ್ತ ಬಂದರೆ ಗೌಡರು, ಶೆಟ್ಟರು, ಗುತ್ತಿಗೆದಾರರು, ನಿವೃತ್ತ ಮೇಷ್ಟ್ರುಗಳು. ಹೆಂಗಸಿನ ಹೆಸರು ಬರಬೇಕಾದರೆ ಆಕೆ ತೀರಿಹೋಗಿರಬೇಕು, ಆಗ 'ಸ್ಮರಣಾರ್ಥ' ಎಂದು ಬರುತ್ತದೆ. ಬದುಕಿರುವವರು 'ಮತ್ತು ಕುಟುಂಬದವರು' ಎಂಬ ಮಾತಿನೊಳಗೆ ಸೇರಿಹೋಗಿದ್ದಾರೆ. ಆದರೆ ಆ ದುಡ್ಡು ಹೇಗೆ ಕೂಡಿತು ಎಂಬುದು ಊರಿಗೇ ಗೊತ್ತು. ಸಂಘದ ಹೆಣ್ಣುಮಕ್ಕಳು ವಾರದ ಉಳಿತಾಯದಿಂದ ತೆಗೆದುಕೊಟ್ಟರು. ಶೇಂಗಾ ಕೀಳುವ ಕೂಲಿಯಿಂದ ಕೊಟ್ಟವರಿದ್ದಾರೆ. ಕಿವಿಯ ಬೆಂಡೋಲೆ ಬಿಚ್ಚಿಕೊಟ್ಟ ಅಜ್ಜಿಯೊಬ್ಬಳಿದ್ದಾಳೆ. ನಿನ್ನ ಹೆಸರೆಲ್ಲವ್ವ ಎಂದು ಕೇಳಿದರೆ, "ದೇವರಿಗೆ ಗೊತ್ತೈತಿ ಬಿಡವ್ವ" ಅಂದಳು. ದೇವರಿಗೆ ಗೊತ್ತಿದ್ದರೆ ಸಾಕು ಎಂಬುದು ಆಕೆಯ ದೊಡ್ಡತನ. ಊರಿಗೂ ಅಷ್ಟೇ ಸಾಕು ಎನಿಸಿದ್ದು ನನಗೆ ಸರಿ ಕಾಣಲಿಲ್ಲ.

ಇದೇ ನಮ್ಮ ಹಳೆಯ ಪದ್ಧತಿ, ಹೆಂಗಸರ ಹೆಸರು ಹಿಂದಿನಿಂದಲೂ ಹಾಕುತ್ತಿರಲಿಲ್ಲ ಎಂದು ಕಮಿಟಿಯವರು ಹೇಳಿದರು. ಹಳೆಯದು ಎಂದರೆ ಎಷ್ಟು ಹಳೆಯದು? ಸಾವಿರ ವರ್ಷದಷ್ಟು ಹಿಂದೆ ಹೋದರೆ ಪದ್ಧತಿ ಬೇರೆಯೇ ಇತ್ತು.

ತಮಿಳುನಾಡಿನ ಪೋಳೂರಿನ ಹತ್ತಿರ ತಿರುಮಲೈ ಎಂಬ ಜೈನರ ಬೆಟ್ಟವಿದೆ. ತಿರುಪತಿಯ ತಿರುಮಲೆಯಲ್ಲ, ಇದು ತಿರುವಣ್ಣಾಮಲೈ ಜಿಲ್ಲೆಯದು. ಅಲ್ಲಿಯ ಬಂಡೆಯ ಮೇಲೆ ರಾಜೇಂದ್ರ ಚೋಳನ ಕಾಲದ, 1020ರ ದಶಕದ ಒಂದು ಶಾಸನವಿದೆ. ಅದರ ಬಹುಪಾಲು ರಾಜನ ದಿಗ್ವಿಜಯವೇ. ಬನವಾಸಿಯನ್ನು ಗೆದ್ದದ್ದು, ಮಾನ್ಯಖೇಟವನ್ನು ಗೆದ್ದದ್ದು, ಮುಶಂಗಿಯಲ್ಲಿ ನಮ್ಮ ಚಾಲುಕ್ಯ ಜಯಸಿಂಹ ಬೆನ್ನು ತೋರಿಸಿದ್ದು, ಚೋಳರ ಸೈನ್ಯ ಗಂಗೆಯವರೆಗೆ ಹೋದದ್ದು. ಇಷ್ಟನ್ನೆಲ್ಲ ಹೇಳಿ ಮುಗಿಸಿ ಶಾಸನ ತಾನು ಹುಟ್ಟಿದ ಕೆಲಸಕ್ಕೆ ಬರುತ್ತದೆ. ಪೆರುಂಬಾಣಪ್ಪಾಡಿ ಸೀಮೆಯ ವ್ಯಾಪಾರಿ ನನ್ನಪ್ಪಯ್ಯನ ಹೆಂಡತಿ ಚಾಮುಂಡಪ್ಪೈ ಎಂಬಾಕೆ ಬೆಟ್ಟದ ಮೇಲಿನ ಕುಂದವೈ ಜಿನಾಲಯದಲ್ಲಿ ಒಂದು ನಂದಾದೀಪ ಉರಿಸಲು 20 ಕಾಸು, ದೇವರ ನೈವೇದ್ಯಕ್ಕೆ 10 ಕಾಸು ಕೊಟ್ಟಳು. ರಾಜನ ಯುದ್ಧಗಳೆಲ್ಲ ಪೀಠಿಕೆ, ಈಕೆಯ ದೀಪವೇ ವಿಷಯ. ಆ ಜಿನಾಲಯದ ಹೆಸರೂ ಹೆಣ್ಣಿನದೇ. ಕುಂದವೈ ಎಂದರೆ ರಾಜರಾಜನ ಅಕ್ಕ, ರಾಜೇಂದ್ರನ ಸೋದರತ್ತೆ. ಶಿವಭಕ್ತರ ಮನೆತನದಲ್ಲಿ ಹುಟ್ಟಿದ ಆಕೆ ದಾದಾಪುರಂ ಎಂಬ ಊರಿನಲ್ಲಿ ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಮೂವರಿಗೂ ಗುಡಿ ಕಟ್ಟಿಸಿದಳು.

ತಮಿಳು ಸೀಮೆಯ ಜೈನ ಶಾಸನಗಳಲ್ಲಿ ಇಂಥ ಹೆಂಗಸರು ಮತ್ತೆ ಮತ್ತೆ ಸಿಗುತ್ತಾರೆ. ವೇಡಾಲ್ ಎಂಬಲ್ಲಿಯ 9ನೇ ಶತಮಾನದ ಶಾಸನ ಕನಕವೀರ ಕುರತ್ತಿಯರ್ ಎಂಬ ಜೈನ ಸಂನ್ಯಾಸಿನಿಯನ್ನೂ ಆಕೆಯ 500 ಶಿಷ್ಯೆಯರನ್ನೂ ಕಾಪಾಡಿ ಅನ್ನವಿಕ್ಕುವ ಹೊಣೆಯನ್ನು ಊರವರು ಹೊತ್ತದ್ದನ್ನು ಹೇಳುತ್ತದೆ. 500 ಹೆಣ್ಣುಮಕ್ಕಳಿಗೆ ಒಬ್ಬ ಗುರುಮಾತೆ! ಕೆನಡಾದ ವಿದ್ವಾಂಸೆ ಲೆಸ್ಲಿ ಓರ್ ಚೋಳರ ಕಾಲದ ಶಾಸನಗಳನ್ನು ಜಾಲಾಡಿ 2000ದಲ್ಲಿ ಒಂದು ಪುಸ್ತಕ ತಂದರು. ಗುಡಿಗೆ ಸೇರಿದ ಹೆಂಗಸರು ಆ ಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಕುಣಿಯುವವರಾಗಿ ಅಲ್ಲ, ಕೊಡುವವರಾಗಿ ಎಂಬುದು ಅವರು ಎತ್ತಿ ತೋರಿಸಿದ ಮುಖ್ಯ ಸಂಗತಿ. ಈ ಮಾತು ನಮಗೆ ನಾಟಲು ಕಾರಣವಿದೆ: ಉಚ್ಚಂಗಿದುರ್ಗದ ಜಾತ್ರೆಯಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದನ್ನು ಕಂಡ, ಅದನ್ನು ನಿಲ್ಲಿಸಲು 1982ರಲ್ಲಿ ಕಾನೂನೇ ಬರಬೇಕಾದ ನಾಡಿನವರು ನಾವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕೇರಿಗಳಲ್ಲಿ ಆ ಹೆಂಗಸರು ಈಗಲೂ ಇದ್ದಾರೆ, ಪಿಂಚಣಿಗೆ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. 'ದೇವರಿಗೆ ಬಿಟ್ಟವಳು' ಎಂಬ ಮಾತಿನ ಸುಡುವ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ದೇವರಿಗೆ ಕೊಟ್ಟವಳ ಹೆಸರು ನನಗೆ ಇಷ್ಟು ಮುಖ್ಯವಾಗಿ ಕಾಣುತ್ತದೆ.

ತಮಿಳರ ಕಲ್ಲು ನಮಗೇಕೆ ಎಂದು ಕೇಳಬೇಡಿ. ನಮ್ಮ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಚಾಮುಂಡಪ್ಪೈಯ ಶಾಸನ ಅಚ್ಚಾದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಎಂಬ ಮಾಲಿಕೆಯಲ್ಲಿಯೇ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಶಾಸನಗಳೂ ಅಚ್ಚಾದವು. 9ನೇ ಸಂಪುಟದ ಮೊದಲ ಭಾಗ ಬಂದದ್ದು 1939ರಲ್ಲಿ, ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾವ್ ಅವರೂ ಸಂಪಾದಿಸಿದ್ದು. ಕನ್ನಡ ಪಾಠ ಹೇಳಿಯೇ ನಿವೃತ್ತಳಾದ ನಾನು ಆ ದಪ್ಪ ಸಂಪುಟವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ತಿರುವಿದಾಗ ಎದೆ ತುಂಬಿ ಬಂತು. ಬಾಗಳಿ, ಕೋಗಳಿ, ಉಜ್ಜಿನಿ, ಕುರುವತ್ತಿ, ಹಿರೇಹಡಗಲಿ: ಬಸ್ಸಿನ ಬೋರ್ಡಿನಲ್ಲಿ ಮಾತ್ರ ನೋಡಿದ್ದ ಹೆಸರುಗಳು ಅಲ್ಲಿ ಅರಸರ ಹೆಸರುಗಳ ಪಕ್ಕದಲ್ಲಿ ಕುಳಿತಿದ್ದವು. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳ ಮಾಲಿಕೆ ಶುರುಮಾಡಿದಾಗ ಬಳ್ಳಾರಿ ಜಿಲ್ಲೆಯಿಂದಲೇ ಶುರುಮಾಡಿತು. ಓದುವವರಿಗೆ ಪುಸ್ತಕದ ಕೊರತೆಯಿಲ್ಲ. ಪುಸ್ತಕದಿಂದ ಊರಿಗೆ ಸುದ್ದಿ ಬಂದಿಲ್ಲ, ಅಷ್ಟೆ.

ಕೋಗಳಿಯನ್ನೇ ತೆಗೆದುಕೊಳ್ಳಿ. ಇವತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಆಗ ನೊಳಂಬವಾಡಿ ಮೂವತ್ತೆರಡು ಸಾವಿರದೊಳಗೆ ಕೋಗಳಿ ಐನೂರು ಎಂಬ ನಾಡಿಗೆ ಹೆಸರು ಕೊಟ್ಟ ಊರು. ಅಲ್ಲಿಯ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಮೊದಲನೆಯ ಸೋಮೇಶ್ವರನ ಆಳ್ವಿಕೆಯ ಆ ಶಾಸನದಲ್ಲಿ ಇಂದ್ರಕೀರ್ತಿ ಮುನಿಗಳ ದಾನ ದಾಖಲಾಗಿದೆ. ಇನ್ನೂರಿಪ್ಪತ್ತು ವರ್ಷ ಕಳೆದು ಹೊಯ್ಸಳ ರಾಮನಾಥ ಅದೇ ಊರಿನ ಚೆನ್ನಪಾರ್ಶ್ವನಾಥನಿಗೆ ಹೊನ್ನು ಕೊಟ್ಟ. ಅರಸುಮನೆತನಗಳು ಬದಲಾದವು, ಬಸದಿಗೆ ಕೊಡುವುದು ನಿಲ್ಲಲಿಲ್ಲ. ಕೊಟ್ಟೂರಿನ ಮೂರುಕಲ್ಲು ಮಠವೂ ಹಿಂದೆ ಜೈನರದಾಗಿತ್ತು ಎಂಬ ಮಾತು ಹಳೆಯದು. ನಾನು ಜೈನಳಲ್ಲ, ನಮ್ಮದು ಕೊಟ್ಟೂರು ಬಸವೇಶ್ವರನ ಒಕ್ಕಲು, ತೇರಿಗೆ ಬಾಳೆಹಣ್ಣು ಎಸೆದು ಬೆಳೆದವಳು. ಆದರೂ ಈ ನೆಲದ ಲೆಕ್ಕ ಬರೆಯುವಾಗ ಬಸದಿಯ ಪುಟಗಳನ್ನು ಹರಿದು ಹಾಕಿ ಓದಲು ನನ್ನಿಂದ ಆಗುವುದಿಲ್ಲ. ಕನ್ನಡದಲ್ಲಿ ಹೆಣ್ಣು ತನ್ನ ಕೈಯಾರೆ ಕೊಟ್ಟದ್ದಕ್ಕೆ ಸಿಗುವ ಬಲವಾದ ಸಾಕ್ಷಿಗಳಲ್ಲಿ ಎಷ್ಟೋ ಇರುವುದು ಆ ಪುಟಗಳಲ್ಲೇ.

776ರಲ್ಲಿ ಗಂಗರ ಶ್ರೀಪುರುಷನ ಕಾಲದ ದೇವರಹಳ್ಳಿ ತಾಮ್ರಶಾಸನ ಕುಂದಾಚ್ಚಿ ಎಂಬಾಕೆಯನ್ನು ಹೆಸರಿಸುತ್ತದೆ. ನಿರ್ಗುಂದದ ಅರಸ ಪರಮಗೂಳನ ಹೆಂಡತಿ. ಶ್ರೀಪುರದ ಉತ್ತರಕ್ಕೆ ಲೋಕತಿಲಕ ಜಿನಾಲಯವನ್ನು ಕಟ್ಟಿಸಿದಳು, ಅದಕ್ಕೆ ರಾಜನಿಂದ ಊರೊಂದು ದತ್ತಿಯಾಗಿ ಬಂತು. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಲಕ್ಷ್ಮೇಶ್ವರದಲ್ಲಿ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದಳು. ಬಂದಳಿಕೆಯ ಜಕ್ಕಿಯಬ್ಬೆ ಗಂಡ ತೀರಿದ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನೇ, ಅಂದರೆ ಆ ನಾಡಿನ ಗೌಡಿಕೆಯನ್ನೇ, ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳ ಕೈಗೆ ಕೊಟ್ಟು ಬಸದಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟಳು. ಮಗಳ ಕೈಗೆ! ಇದು 10ನೇ ಶತಮಾನದ ಮೊದಲ ದಶಕಗಳ ಮಾತು.

ಅಕ್ಕಾದೇವಿಯ ಬಗ್ಗೆ ನನಗೆ ವಿಶೇಷ ಅಭಿಮಾನ. ಅದೇ ಮುಶಂಗಿಯ ಜಯಸಿಂಹನ ಅಕ್ಕ, ಕಿಸುಕಾಡು ನಾಡನ್ನು ಆಳಿದವಳು, ಯುದ್ಧಕ್ಕೆ ಹೋದವಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಾಗ ಅರಸಿಬೀಡಿನ ಗೊಣದಬೆಡಂಗಿ ಜಿನಾಲಯಕ್ಕೆ ಭೂಮಿ ಬಿಟ್ಟಳು. ಜಿನಾಲಯದ ಆ ಹೆಸರು ಆಕೆಯ ಬಿರುದೇ. ಇನ್ನೊಬ್ಬಳು ಆಚಲದೇವಿ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿ ಕೋಟೆಯನ್ನು ಪಾಂಡ್ಯರಿಂದ ಗೆದ್ದುಕೊಂಡ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಗಂಡ ಶಿವಭಕ್ತ, ಈಕೆ ಜಿನಭಕ್ತೆ. 1181ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು, ಇಂದಿಗೂ ಅದು ಅಕ್ಕನ ಬಸದಿ. ಅದಕ್ಕೆ ಊರು ಬಿಡಿಸಿಕೊಡಿ ಎಂದು ದೊರೆಯ ಮುಂದೆ ಬಿನ್ನವಿಸಿದವನು ಗಂಡ ಚಂದ್ರಮೌಳಿ. ಒಂದೇ ಮನೆಯಲ್ಲಿ ಹೆಂಡತಿಗೆ ಬೇರೆ ದೇವರು, ಬೇರೆ ಗುಡಿ, ಗಂಡನ ಬೆಂಬಲ. ನಮ್ಮ ಮನೆಗಳಲ್ಲಿ ಹೆಂಡತಿ ಬೇರೆ ಪಕ್ಷಕ್ಕೆ ಓಟು ಹಾಕಿದಳೆಂದು ಅನುಮಾನ ಬಂದರೂ ಎರಡು ದಿನ ಮಾತು ನಿಲ್ಲುತ್ತದೆ.

ಅತ್ತಿಮಬ್ಬೆಯ ಮಾತು ಬೇರೆ. ಆಕೆಯ ಹೆಸರನ್ನು ಎಲ್ಲರೂ ಬಲ್ಲರು, ಸರ್ಕಾರ ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತದೆ. ಹಡಗಲಿಯಿಂದ ತುಂಗಭದ್ರೆ ದಾಟಿ ಮುಂಡರಗಿ ಹಾದು ಗದಗಿನ ಕಡೆ ಹೋದರೆ ಲಕ್ಕುಂಡಿ. ಆಕೆ ಕಟ್ಟಿಸಿದ ಬ್ರಹ್ಮಜಿನಾಲಯದ ಶಾಸನ 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು. ಇಷ್ಟನ್ನು ಮಕ್ಕಳೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೆ ಮುಂಚಿನ ಗಳಿಗೆ. ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಅಕ್ಕತಂಗಿಯರು, ಇಬ್ಬರೂ ನಾಗದೇವನ ಹೆಂಡಿರು. ನಾಗದೇವ ಸತ್ತಾಗ ಗುಂಡಮಬ್ಬೆ ಅವನೊಂದಿಗೆ ಚಿತೆ ಏರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದದ್ದರಿಂದಲೇ ಕೊಟ್ಟಳು. ನಮ್ಮ ಹೊಲದ ಬದುಗಳಲ್ಲಿ, ಕೆರೆ ಏರಿಗಳ ಮೇಲೆ ಮಾಸ್ತಿಕಲ್ಲುಗಳಿವೆ, ಬಳೆ ತೊಟ್ಟ ಕೈಯೊಂದು ಮೇಲೆತ್ತಿ ನಿಂತದ್ದು. ಆ ಕಲ್ಲುಗಳಿಗೆ ನಾವು ಅರಿಶಿಣ ಹಚ್ಚುತ್ತೇವೆ, ಹರಕೆ ಹೊರುತ್ತೇವೆ. ಗುಂಡಮಬ್ಬೆಯ ಕಲ್ಲುಗಳಿಗೆ ಪೂಜೆಯಿದೆ, ಅತ್ತಿಮಬ್ಬೆಯ ಕಲ್ಲುಗಳನ್ನು ಬಟ್ಟೆ ಒಗೆಯಲು ಹಾಸಿಕೊಂಡಿದ್ದೇವೆ. ಉತ್ಪ್ರೇಕ್ಷೆಯಲ್ಲ. ಅಕ್ಷರವಿರುವ ಕಲ್ಲನ್ನು ಮೆಟ್ಟಿಲಿಗೆ, ದನದ ಗೋದಲಿಗೆ ಇಟ್ಟದ್ದನ್ನು ನಮ್ಮ ಭಾಗದ ತಾಲ್ಲೂಕುಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಇವರೆಲ್ಲ ಅರಸಿಯರು, ದಂಡನಾಯಕರ ಹೆಂಡಿರು, ಸೆಟ್ಟಿಗಳ ಮನೆಯವರು. ನಾಟಿ ಹಚ್ಚಿದವಳ, ಕಳೆ ಕಿತ್ತವಳ ಹೆಸರು ಕಲ್ಲಿನ ಮೇಲಿಲ್ಲ. ಒಪ್ಪುತ್ತೇನೆ. ಚಾಮುಂಡಪ್ಪೈಯೂ ಇಂಥವನ ಹೆಂಡತಿ ಎಂದೇ ಗುರುತಾಗಿದ್ದಾಳೆ. ಹಳೆಯ ಕಾಲ ಹೆಣ್ಣಿಗೆ ಸುಖದ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ನಾನು ಹಿಡಿದಿರುವುದು ಒಂದೇ ಎಳೆ: ಕೊಡಬೇಕಾದರೆ ಮೊದಲು ತನ್ನದು ಅಂತ ಇರಬೇಕು. 20 ಕಾಸು ಕೊಟ್ಟವಳಿಗೆ ಆ 20 ಕಾಸು ಸ್ವಂತದ್ದಾಗಿತ್ತು, ಅದನ್ನು ಏನು ಮಾಡಬೇಕೆಂಬ ತೀರ್ಮಾನ ಆಕೆಯದಾಗಿತ್ತು. ಕೊಟ್ಟವಳು ಯಾರು ಎಂಬುದು ನಾಳೆ ತಕರಾರಾಗಬಾರದೆಂದು ಕಲ್ಲಿಗೆ ಏರಿತು. ದಾನಶಾಸನ ಭಕ್ತಿಯ ದಾಖಲೆ ಹೌದು, ಅದಕ್ಕಿಂತ ಮೊದಲು ಅದು ಆಸ್ತಿಯ ದಾಖಲೆ.

ಈ ಲೆಕ್ಕವನ್ನು ಗಟ್ಟಿಯಾಗಿ ಬರೆದಿಟ್ಟವನೂ ಕನ್ನಡ ನೆಲದವನೇ. ವಿಜ್ಞಾನೇಶ್ವರ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ಬರೆದದ್ದು ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸರೆಯಲ್ಲಿ. ಆ ದೊರೆಯ ರಾಜ್ಯದಲ್ಲೇ ಕೋಗಳಿ ನಾಡೂ ಇತ್ತು. ಮದುವೆಯಲ್ಲಿ ಬಂದ ಒಡವೆ ಮಾತ್ರವಲ್ಲ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು ಕೂಡ ಸ್ತ್ರೀಧನವೇ ಎಂದು ಆತ ಅದರ ಬೇಲಿಯನ್ನು ಅಗಲ ಮಾಡಿದ. ಆಮೇಲಿನವರು, ಇಂಗ್ಲಿಷರ ಕೋರ್ಟುಗಳೂ ಸೇರಿ, ಆ ಬೇಲಿಯನ್ನು ಒಳಕ್ಕೆ ಒತ್ತುತ್ತ ಬಂದರು.

ಈಗ ನಮ್ಮ ಭಾಗದ ಯಾವುದಾದರೂ ಒಂದು ಉಪನೋಂದಣಿ ಕಚೇರಿಯ ಮುಂದೆ ನಿಲ್ಲಿ. ಸುಗ್ಗಿ ಮುಗಿದ ದಿನಗಳಲ್ಲಿ ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು ಕಾರು, ಟಂಟಂ ಇಳಿಯುವುದು ಕಾಣುತ್ತದೆ. ತವರಿನ ಅಣ್ಣತಮ್ಮಂದಿರು ಕರೆಸಿದ್ದಾರೆ. ಊಟ ಹಾಕಿಸಿದ್ದಾರೆ, ಸೀರೆ ಕೊಡಿಸಿದ್ದಾರೆ, ಅರಿಶಿಣ ಕುಂಕುಮ ಕೊಟ್ಟಿದ್ದಾರೆ. ಒಳಗೆ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ನಾನೂ ಹೋಗಿದ್ದೆ. ನೀರಾವರಿಯ ಎರಡು ಎಕರೆ ಆಕೆಯ ಪಾಲಿಗೆ ಬರುವಂಥದು. ಆಕೆಯ ಗಂಡನಿಗೆ ಸ್ವಂತ ಹೊಲವಿಲ್ಲ, ದುಡಿಯಲು ಬೆಂಗಳೂರಿಗೆ ಹೋಗಿಬರುತ್ತಾನೆ. ಯಾಕೆ ಕೊಡುತ್ತೀ ಎಂದೆ. "ಕೊಡ್ಲಿಲ್ಲಂದ್ರ ತವರಿನ ಬಾಗ್ಲ ಮುಚ್ಚತೈತಿ ಟೀಚರ್. ನಾಳೆ ಗಂಡ ಹೊಡದ್ರ ಎಲ್ಲಿಗೆ ಹೋಗ್ಲಿ?" ಅಂದಳು. ಹೆಬ್ಬೆರಳು ಯಂತ್ರದ ಮೇಲೆ ಒತ್ತಿದಳು, ಫೋಟೊ ತೆಗೆಸಿಕೊಂಡಳು, ಮುಗಿಯಿತು. ಆ ಪತ್ರವನ್ನು ಆಕೆಗೆ ಯಾರೂ ಓದಿ ಹೇಳಲಿಲ್ಲ. ಓದಲು ಬರುವ ಹುಡುಗಿಯೇ ಆಕೆ, ನಾನೇ ಕಲಿಸಿದವಳು. ಓದುತ್ತ ನಿಂತರೆ ಅಣ್ಣನ ಮೇಲೆ ಅನುಮಾನ ಪಟ್ಟಂತಾಗುತ್ತದೆ ಎಂದು ಓದಲಿಲ್ಲ.

ಇವತ್ತು ಈ ತಾಲ್ಲೂಕುಗಳಲ್ಲಿ ಹೆಂಗಸರು ಬಿಟ್ಟುಕೊಡುವ ದೊಡ್ಡ ಭೂಮಿ ಯಾವ ಗುಡಿಗೂ ಹೋಗುತ್ತಿಲ್ಲ, ಯಾವ ಬಸದಿಗೂ ಹೋಗುತ್ತಿಲ್ಲ. ಅಣ್ಣತಮ್ಮಂದಿರಿಗೆ ಹೋಗುತ್ತಿದೆ. ಅದಕ್ಕೆ ಕಲ್ಲಿಲ್ಲ, ಫಲಕವಿಲ್ಲ. ಅದನ್ನು ದಾನ ಎನ್ನಲು ನಾನು ತಯಾರಿಲ್ಲ. ಬೇಡ ಎನ್ನುವ ದಾರಿ ಇಲ್ಲದೆ ಕೊಟ್ಟದ್ದು ದಾನವಲ್ಲ. ಅಕ್ಕಾದೇವಿ ಕೊಟ್ಟ ಭೂಮಿಗೂ ಈ ಎರಡು ಎಕರೆಗೂ ನಡುವೆ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದೇ ಎಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ತಂದಿತು, ದೆಹಲಿಗಿಂತ ಮೊದಲು. 2005ರಲ್ಲಿ ಕೇಂದ್ರದ ಕಾನೂನು ಬಂತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. ಕಾನೂನು ಮೂರು ಸಲ ಹೇಳಿದರೂ ಒಂದು ಸೀರೆಗೆ, ಒಂದು ಊಟಕ್ಕೆ ಅದು ಸೋಲುತ್ತಿದೆ.

ಇನ್ನು ಆಡಳಿತದ ಮಾತು. ನಮ್ಮ ತಾಲ್ಲೂಕುಗಳನ್ನು ಅದು ಎಷ್ಟು ಸಲ ಎತ್ತಿಟ್ಟಿತು! ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ಬಳ್ಳಾರಿಗೆ ತಂದರು, 2021ರಲ್ಲಿ ಎಲ್ಲರನ್ನೂ ವಿಜಯನಗರ ಜಿಲ್ಲೆಗೆ ಸೇರಿಸಿದರು. ಹೊಸ ಜಿಲ್ಲೆ ಎಂದರೆ ಹಂಪಿ, ಹಂಪಿ ಎಂದರೆ ಪ್ರವಾಸಿಗರು. ಕೋಗಳಿ, ಬಾಗಳಿ, ಉಚ್ಚಂಗಿಗಳಿಗೆ ಒಂದು ನೆಟ್ಟಗಿನ ಕೈಮರವೂ ಬೇಕು. ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆ ಊರಿನ ಶಾಸನಗಳ ಪಟ್ಟಿ ಹೊಸಗನ್ನಡದಲ್ಲಿ ಗೋಡೆಗೆ ಬರಲಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಇಷ್ಟಿದ್ದರೆ ಸಾಕು. ಅಚ್ಚಾದ ಸಂಪುಟಗಳಿವೆ, ಹಂಪಿಯಲ್ಲಿ ಬಲ್ಲವರಿದ್ದಾರೆ, ಹೊಸದಾಗಿ ಸಂಶೋಧನೆ ಮಾಡಬೇಕಿಲ್ಲ. ಹೈಸ್ಕೂಲು ಮಕ್ಕಳನ್ನು ದೂರದ ಅರಮನೆಗೆ ಪ್ರವಾಸ ಒಯ್ಯುವ ಮೊದಲು ಕೋಗಳಿಯ ಬಸದಿಗೆ ಒಯ್ಯಲಿ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಬಣ್ಣ ಬಳಿಯುವುದು, ಯಂತ್ರ ಹಾಕಿ ಉಜ್ಜುವುದು ನಿಲ್ಲಲಿ. ಒಮ್ಮೆ ಉಜ್ಜಿದರೆ ಸಾವಿರ ವರ್ಷದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಉಳಿದದ್ದು ಉಪನೋಂದಣಿ ಕಚೇರಿಯ ಕೆಲಸ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಗಳನ್ನು ಅಣ್ಣತಮ್ಮಂದಿರಿಲ್ಲದ ಕೋಣೆಯಲ್ಲಿ ಕೂರಿಸಿ, ಪತ್ರವನ್ನು ಆಕೆಯ ಮಾತಿನಲ್ಲಿ ಓದಿ, ನಿನಗೆ ಬರಬೇಕಾದ ಪಾಲು ಇಷ್ಟು, ಇದರ ಬೆಲೆ ಇಷ್ಟು, ಬಿಡಲು ನಿನಗೆ ಮನಸ್ಸಿದೆಯೇ ಎಂದು ಕೇಳುವ ಕಡ್ಡಾಯ ನಿಯಮ ಬರಬೇಕು. ಬಿಡುತ್ತೇನೆ ಅಂದರೆ ಬಿಡಲಿ, ಅದು ಆಕೆಯ ಇಷ್ಟ, ಆಗ ಅದನ್ನು ನಾನೂ ದಾನ ಎನ್ನುತ್ತೇನೆ. ಆ ನಿಯಮ ಬರುವವರೆಗೆ ಒಂದು ದಾರಿಯಿದೆ. ಪ್ರತಿ ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆಯಂತೆ ಅಲ್ಲಿ ಹೆಂಗಸರಿಗೆ, ಬಡವಳಿರಲಿ ಇದ್ದವಳಿರಲಿ, ವಕೀಲರ ಸಲಹೆಗೆ ಒಂದು ರೂಪಾಯಿಯೂ ಇಲ್ಲ. ತವರಿನಿಂದ ಕರೆ ಬಂದಾಗ ಹೊಸ ಸೀರೆ ಉಡುವ ಮೊದಲು ಆ ಬಾಗಿಲಿಗೆ ಹೋಗಿ, ಕರಡು ಪತ್ರದ ಪ್ರತಿ ಕೇಳಿ ಪಡೆದು, ಒಯ್ದು ತೋರಿಸಿ.